ಥೇರಿಯನ್ ಸಮುದಾಯದ ಮೊದಲ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಖವಾಡ ಹಾಕಿ, ಬಾಲ ಕಟ್ಟಿಕೊಂಡು, ಕೈಕಾಲು ಊರಿ ಓಡುವ ಹುಡುಗ ಹುಡುಗಿಯರ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಅದರ ಜೊತೆಗೆ ‘ಥೇರಿಯನ್’ ಎಂಬ ಪದ ಇರುತ್ತದೆ. ನೋಡಿದವರು ಇದು ನಿನ್ನೆ ಮೊನ್ನೆ ಹುಟ್ಟಿದ ಖಯಾಲಿ ಅಂದುಕೊಳ್ಳುತ್ತಾರೆ. ಆದರೆ ಇದು ಶುರುವಾಗಿ ಮೂವತ್ತು ವರ್ಷ ದಾಟಿದೆ. ಆಗ ಮುಖವಾಡದ ಮಾತಿರಲಿಲ್ಲ, ವಿಡಿಯೊ ಹಾಕುವ ದಾರಿಯೂ ಇರಲಿಲ್ಲ. ಪರದೆಯ ಮೇಲೆ ಬರೀ ಅಕ್ಷರಗಳಿದ್ದವು. ತನಗೊಬ್ಬನಿಗೇ ಹೀಗನ್ನಿಸುತ್ತದೆ ಅಂದುಕೊಂಡಿದ್ದವರು ಆ ಅಕ್ಷರಗಳ ಮೂಲಕ ಒಬ್ಬರಿಗೊಬ್ಬರು ಸಿಕ್ಕರು. ತಮ್ಮ ಅನುಭವವನ್ನು ಹೇಳಲು ಬೇಕಾದ ಪದಗಳನ್ನು ವಾದ ಮಾಡುತ್ತಾ ತಾವೇ ಮಾಡಿಕೊಂಡರು. ನನಗೆ ಈ ಕಥೆಯ ಮೇಲೆ ಪ್ರೀತಿ ಇದೆ. ಅದನ್ನು ಸಮಾಧಾನವಾಗಿ ಕನ್ನಡದಲ್ಲಿ ಹೇಳಬೇಕು ಅನ್ನಿಸಿ ಈ ಪುಟ ಬರೆದಿದ್ದೇನೆ.

ಮೊದಲಿಗೆ, ಥೇರಿಯನ್ ಅಂದ್ರೆ ಯಾರು?

ತನ್ನ ಒಳಗಿನ ಸ್ವಭಾವದಲ್ಲಿ ತಾನು ಒಂದು ಪ್ರಾಣಿ ಎಂದು ಅನುಭವಿಸುವ ಮನುಷ್ಯ. ತೋಳ, ಚಿರತೆ, ನರಿ, ಹದ್ದು, ಯಾವುದೂ ಆಗಬಹುದು. ದೇಹ ಮನುಷ್ಯನದೇ ಎಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಇದಕ್ಕೆ ಕಾರಣ ಏನು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಕೆಲವರು ಆತ್ಮ, ಹಿಂದಿನ ಜನ್ಮ ಅನ್ನುತ್ತಾರೆ. ಕೆಲವರು ಮನಸ್ಸು ಬೆಳೆದ ರೀತಿಯೇ ಹಾಗೆ ಅನ್ನುತ್ತಾರೆ. ಕಾರಣ ಹುಡುಕುವ ಗೋಜಿಗೇ ಹೋಗದವರೂ ಇದ್ದಾರೆ. ಈ ಮೂರು ಬಗೆಯವರೂ ಮೊದಲ ದಿನಗಳಿಂದಲೂ ಜೊತೆಗೇ ಇದ್ದಾರೆ.

ಇದೆಲ್ಲ ಎಲ್ಲಿ, ಯಾವಾಗ ಶುರುವಾಯಿತು?

ಯೂಸ್‌ನೆಟ್‌ನಲ್ಲಿ ‘ಆಲ್ಟ್.ಹಾರರ್.ವೇರ್‌ವುಲ್ವ್ಸ್’ ಎಂಬ ಗುಂಪೊಂದಿತ್ತು. 1992ರ ನವೆಂಬರ್‌ನಲ್ಲಿ ಅದು ಹುಟ್ಟಿತು. ಹೆಸರೇ ಹೇಳುವಂತೆ ಅದು ಭಯಾನಕ ಕಥೆಗಳ ವಿಭಾಗ. ಹುಣ್ಣಿಮೆಯ ರಾತ್ರಿ ತೋಳವಾಗುವ ಮನುಷ್ಯರ ಸಿನಿಮಾ, ಕಾದಂಬರಿ, ಜಾನಪದ, ಇವುಗಳ ಬಗ್ಗೆ ಹರಟುವ ಜಾಗ. ಅಲ್ಲಿಗೆ ಬಂದವರು ಹೆಚ್ಚಾಗಿ ಅಂಥ ಕಥೆಗಳ ಅಭಿಮಾನಿಗಳು. ತಮ್ಮ ಬಗ್ಗೆ ಹೇಳಿಕೊಳ್ಳಲಿ ಎಂದು ಯಾರೂ ಅದನ್ನು ತೆರೆದಿರಲಿಲ್ಲ.

ಯೂಸ್‌ನೆಟ್ ಅಂದ್ರೆ ಏನು? ಈಗಿನವರಿಗೆ ಅರ್ಥವಾಗುವ ಹಾಗೆ ಹೇಳಿ.

ಊರಿನ ಅರಳಿಕಟ್ಟೆಯ ಪಕ್ಕದಲ್ಲಿ ಒಂದು ದೊಡ್ಡ ನೋಟಿಸ್ ಬೋರ್ಡ್ ಇದೆ ಅಂದುಕೊಳ್ಳಿ. ನೀವು ಅದರ ಮೇಲೆ ಒಂದು ಚೀಟಿ ಅಂಟಿಸುತ್ತೀರಿ. ಅದರ ನಕಲು ಪಕ್ಕದೂರಿನ ಬೋರ್ಡಿಗೆ ಹೋಗುತ್ತದೆ, ಅಲ್ಲಿಂದ ಅದರಾಚೆಯ ಊರಿಗೆ. ಹೀಗೆ ಸಾಗುತ್ತಾ ಎಲ್ಲ ಊರಿನ ಬೋರ್ಡಿನಲ್ಲೂ ಅದೇ ಚೀಟಿ ಇರುತ್ತದೆ. ಉತ್ತರ ಬರೆದವರ ಚೀಟಿಯೂ ಹಾಗೇ ವಾಪಸ್ ಬರುತ್ತದೆ. ಬೋರ್ಡಿನ ಜಾಗದಲ್ಲಿ ಕಂಪ್ಯೂಟರ್ ಸರ್ವರ್ ಇಡಿ, ಅಷ್ಟೇ. ಇದನ್ನು 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೋಚಿಸಿದರು. ನಾವು ಈಗ ಕಾಣುವ ವೆಬ್‌ಗಿಂತ ಹತ್ತು ವರ್ಷಕ್ಕೂ ಹಳೆಯದು.

ಬೇರೆ ವಿಭಾಗಗಳಲ್ಲಿ ಹೊಸ ಗುಂಪು ಬೇಕೆಂದರೆ ಚರ್ಚೆ, ಮತದಾನ ಎಲ್ಲ ಆಗಬೇಕಿತ್ತು. 1987ರಲ್ಲಿ ‘ಆಲ್ಟ್’ ಎಂಬ ವಿಭಾಗ ಬಂತು. ಅಲ್ಲಿ ಈ ಕಟ್ಟುಪಾಡು ಇರಲಿಲ್ಲ. ವಿಚಿತ್ರ ಎನ್ನಿಸುವ ಆಸಕ್ತಿಗಳಿಗೂ ಜಾಗ ಸಿಕ್ಕಿದ್ದು ಅದರಿಂದಲೇ. ತೋಳಮನುಷ್ಯರ ಗುಂಪು ಹುಟ್ಟಿದ್ದೂ ಈ ವಿಭಾಗದಲ್ಲೇ.

ಬಂದವರಲ್ಲಿ ಕಾಲೇಜು ವಿದ್ಯಾರ್ಥಿಗಳು, ಕಂಪ್ಯೂಟರ್ ಕೆಲಸದವರು ಜಾಸ್ತಿ. ಯಾಕಂದ್ರೆ ಆಗ ಇಂಟರ್‌ನೆಟ್ ಸಂಪರ್ಕ ಇದ್ದದ್ದೇ ಅವರಿಗೆ. ಎದುರಿನವರ ಮುಖ ಕಾಣಿಸುತ್ತಿರಲಿಲ್ಲ, ದನಿ ಕೇಳಿಸುತ್ತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಪೂರ್ತಿ ವಾಕ್ಯಗಳಲ್ಲಿ ಬರೆಯಲೇಬೇಕಿತ್ತು. ಈ ಸಮುದಾಯಕ್ಕೆ ಪದಗಳ ಮೇಲೆ ಇಷ್ಟು ಗಮನ ಬಂದದ್ದು ಅದರಿಂದ ಅಂತ ನನಗನ್ನಿಸುತ್ತದೆ.

ಸಿನಿಮಾ ಅಭಿಮಾನಿಗಳ ಹರಟೆಯಲ್ಲಿ ‘ನಾನೇ ತೋಳ’ ಎಂಬ ಮಾತು ಹೇಗೆ ಬಂತು?

ನಿಧಾನವಾಗಿ ಬಂತು. ತೋಳಮನುಷ್ಯರ ಕಥೆ ಯಾಕೆ ಇಷ್ಟ ಎಂಬ ಪ್ರಶ್ನೆ ಬಂದಾಗ ಕೆಲವರು ಕಥೆಯನ್ನು ಬಿಟ್ಟು ತಮ್ಮ ವಿಷಯಕ್ಕೆ ಬಂದರು. ಚಿಕ್ಕಂದಿನಿಂದ ಹೀಗನ್ನಿಸುತ್ತದೆ, ಇಲ್ಲದ ಬಾಲ ಇದ್ದಂತೆ ಭಾಸವಾಗುತ್ತದೆ, ಸಿಟ್ಟು ಬಂದಾಗ ಕಿವಿ ಹಿಂದಕ್ಕೆ ಮಡಚಿದಂತೆ ಆಗುತ್ತದೆ, ಇಂಥ ಮಾತುಗಳು. ಮೊದಮೊದಲು ಇದು ತಮಾಷೆಯಾ, ನಿಜವಾ ಎಂದು ಉಳಿದವರಿಗೆ ತಿಳಿಯುತ್ತಿರಲಿಲ್ಲ. ಅಲ್ಲಿ ತೋಳದ ಪಾತ್ರ ಹಾಕಿ ಕಥೆ ಕಟ್ಟಿ ಆಡುವವರೂ ಇದ್ದರು. ಆ ಗುಂಪು ಹುಟ್ಟಿದ ವರ್ಷವೇ ತೋಳಮನುಷ್ಯರ ಪಾತ್ರಗಳಿರುವ ಒಂದು ಆಟವೂ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಿತ್ತು. ಹಾಗಾಗಿ ಆಟದ ಮಾತು ಯಾವುದು, ಮನಸ್ಸಿನ ಮಾತು ಯಾವುದು ಎಂದು ಬೇರೆ ಮಾಡುವುದು ಕಷ್ಟವಾಗಿತ್ತು.

1993-94ರ ಹೊತ್ತಿಗೆ ಒಂದು ಸಣ್ಣ ಬಳಗ ‘ನಾವು ಆಡುತ್ತಿಲ್ಲ, ನಿಜವಾಗಿಯೇ ಹೇಳುತ್ತಿದ್ದೇವೆ’ ಎಂದು ಸ್ಪಷ್ಟವಾಗಿ ಬರೆಯಲು ಶುರುಮಾಡಿತು. ಒಬ್ಬರು ಬರೆದದ್ದನ್ನು ಓದಿ ಇನ್ನೊಬ್ಬರಿಗೆ ಧೈರ್ಯ ಬಂತು. ಸ್ವಲ್ಪ ಯೋಚಿಸಿ ನೋಡಿ. ಇಪ್ಪತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ನೀವು ಒಂದು ರಾತ್ರಿ ಟೈಪ್ ಮಾಡಿ ಕಳಿಸುತ್ತೀರಿ. ಮರುದಿನ ಎಲ್ಲೋ ಸಾವಿರಾರು ಮೈಲಿ ದೂರದಿಂದ ‘ನನಗೂ ಹಾಗೇ’ ಎಂಬ ಉತ್ತರ ಬಂದಿರುತ್ತದೆ. ಆ ಉತ್ತರದ ಬೆಲೆ ಎಷ್ಟಿರಬಹುದು, ಅಲ್ವಾ?

ಆಗಲೂ ‘ಥೇರಿಯನ್’ ಎಂದೇ ಕರೆದುಕೊಳ್ಳುತ್ತಿದ್ದರಾ?

ಇಲ್ಲ. ಮೊದಲು ‘ವೇರ್‌ವುಲ್ಫ್’ (ತೋಳಮನುಷ್ಯ), ಅದೇ ಅರ್ಥದ ‘ಲೈಕನ್‌ಥ್ರೋಪ್’, ರೂಪ ಬದಲಿಸುವವರು ಎಂಬ ಅರ್ಥದ ‘ಶಿಫ್ಟರ್’ ಎಂಬ ಪದಗಳು ನಡೆಯುತ್ತಿದ್ದವು. ಸಿನಿಮಾದ ತೋಳಮನುಷ್ಯನಲ್ಲ ಎಂದು ತೋರಿಸಲು ‘ಆಧ್ಯಾತ್ಮಿಕ ವೇರ್‌ವುಲ್ಫ್’ ಎಂದೂ ಹೇಳುತ್ತಿದ್ದರು. ಆದರೆ ತಾನು ಹುಲಿ ಅನ್ನುವವರಿಗೆ, ಕರಡಿ ಅನ್ನುವವರಿಗೆ ತೋಳದ ಹೆಸರು ಒಗ್ಗೀತೇ? ಅದಕ್ಕೆ ‘ವುಲ್ಫ್’ ಬಿಟ್ಟು ಬರೀ ‘ವೇರ್’ ಎಂದು ಕರೆದುಕೊಳ್ಳುವುದು ರೂಢಿಯಾಯಿತು. ಇಲ್ಲೊಂದು ವಿಷಯ ನನಗೆ ಬಲು ಇಷ್ಟ. ಹಳೆಯ ಇಂಗ್ಲಿಷ್‌ನಲ್ಲಿ ‘ವೇರ್’ ಅಂದರೆ ಗಂಡಸು, ಮನುಷ್ಯ. ಪ್ರಾಣಿಯ ಪಾಲನ್ನು ತೆಗೆದಿಟ್ಟು ಮನುಷ್ಯನ ಪಾಲನ್ನೇ ಅವರು ತಮ್ಮ ಹೆಸರಾಗಿ ಇಟ್ಟುಕೊಂಡಂತಾಯಿತು.

‘ಥೇರಿಯನ್‌ಥ್ರೋಪ್’ ಎಂಬುದು ವಿದ್ವಾಂಸರ ಪದ. ಗ್ರೀಕ್‌ನಲ್ಲಿ ‘ಥೇರಿಯಾನ್’ ಅಂದರೆ ಕಾಡುಪ್ರಾಣಿ, ‘ಆಂಥ್ರೋಪೋಸ್’ ಅಂದರೆ ಮನುಷ್ಯ. 19ನೇ ಶತಮಾನದಲ್ಲಿ ಡಚ್ ವಿದ್ವಾಂಸ ಸಿ. ಪಿ. ಟೀಲೆ ಅರ್ಧ ಪ್ರಾಣಿ, ಅರ್ಧ ಮನುಷ್ಯ ರೂಪದ ದೇವರುಗಳಿರುವ ಧರ್ಮಗಳನ್ನು ವರ್ಣಿಸಲು ಇದೇ ಬೇರಿನ ಪದ ಬಳಸಿದ್ದರು. ನಮ್ಮ ನರಸಿಂಹನನ್ನು ನೆನೆದರೆ ಆ ಅರ್ಥ ಸುಲಭವಾಗಿ ಹೊಳೆಯುತ್ತದೆ. 1990ರ ದಶಕದ ನಡುವಿನಲ್ಲಿ ವೇರ್‌ಗಳು ಈ ಪದವನ್ನು ಎತ್ತಿಕೊಂಡರು. ಎಲ್ಲ ಪ್ರಾಣಿಗಳಿಗೂ ಅದು ಸಲ್ಲುತ್ತಿತ್ತು. ಸಿನಿಮಾದ ರಕ್ತದ ಕಲೆಯೂ ಅದಕ್ಕೆ ಅಂಟಿರಲಿಲ್ಲ. ಬಳಸುತ್ತಾ ಬಳಸುತ್ತಾ ಅದು ‘ಥೇರಿಯನ್’ ಎಂದು ಚಿಕ್ಕದಾಯಿತು. 2000ದ ನಂತರದ ವರ್ಷಗಳಲ್ಲಿ ‘ವೇರ್’ ಹಿಂದೆ ಸರಿದು ‘ಥೇರಿಯನ್’ ನಿಂತಿತು. ಹಳಬರಲ್ಲಿ ಕೆಲವರು ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡರು.

ತನ್ನೊಳಗಿನ ಪ್ರಾಣಿಗೆ ಆಗ ‘ಫೀನೊಟೈಪ್’ ಎನ್ನುತ್ತಿದ್ದರು. ಅದು ಜೀವಶಾಸ್ತ್ರದಲ್ಲಿ ಬೇರೆಯೇ ಅರ್ಥದ ಪದ. ಆಮೇಲೆ ಅದನ್ನು ಬಿಟ್ಟು ‘ಥೇರಿಯೊಟೈಪ್’ ಎಂಬ ತಮ್ಮದೇ ಪದ ಮಾಡಿಕೊಂಡರು. ಈಗ ಎಲ್ಲರೂ ಬಳಸುವುದು ಇದನ್ನೇ.

‘ಶಿಫ್ಟ್’ ಎಂಬ ಮಾತೂ ಆಗಲೇ ಬಂತಾ?

ಹೌದು. ಒಳಗಿನ ಪ್ರಾಣಿ ಕೆಲವು ಹೊತ್ತು ಹೆಚ್ಚು ಮುಂದೆ ಬಂದಂತೆ ಅನ್ನಿಸುವುದಕ್ಕೆ ಶಿಫ್ಟ್ ಎಂದು ಹೆಸರಾಯಿತು. ಆ ಗುಂಪಿಗೂ ಇಂಥದೇ ಒಂದು ಪ್ರಶ್ನೋತ್ತರದ ಕಡತ ಇತ್ತು. ಹೊಸಬರು ಮೊದಲು ಅದನ್ನು ಓದಿ ಬರಬೇಕು ಎಂಬುದು ಯೂಸ್‌ನೆಟ್‌ನ ರೂಢಿ. ಶಿಫ್ಟ್‌ಗಳನ್ನು ಅದರಲ್ಲಿ ಬಗೆಬಗೆಯಾಗಿ ವಿಂಗಡಿಸಿದ್ದರು. ಯೋಚನೆಯ ಧಾಟಿಯೇ ಪ್ರಾಣಿಯಂತಾಗುವುದು ಮಾನಸಿಕ ಶಿಫ್ಟ್. ವಾಸನೆ, ಸದ್ದು ಚುರುಕಾದಂತೆ ಅನ್ನಿಸುವುದು ಇಂದ್ರಿಯಗಳ ಶಿಫ್ಟ್. ಕನಸಿನಲ್ಲಿ ಆ ಪ್ರಾಣಿಯಾಗಿ ಓಡಾಡುವುದು ಕನಸಿನ ಶಿಫ್ಟ್. ಇಲ್ಲದ ಬಾಲ, ಕಿವಿ, ರೆಕ್ಕೆ ಇದ್ದಂತೆ ಅನ್ನಿಸುವುದಕ್ಕೆ ಮುಂದೆ ಫ್ಯಾಂಟಮ್ ಶಿಫ್ಟ್ ಎಂಬ ಹೆಸರು ಬಂತು. ಇವತ್ತಿನ ಹುಡುಗರು ಬಳಸುವ ಪದಗಳಲ್ಲಿ ಸುಮಾರು ಆ ಕಾಲದವೇ. ಎಲ್ಲಿಂದ ಬಂದವು ಎಂದು ಅವರಲ್ಲಿ ಎಷ್ಟೋ ಮಂದಿ ಕೇಳಿಕೊಂಡಿರುವುದಿಲ್ಲ.

ದೇಹವೇ ತೋಳವಾಗುತ್ತದೆ ಎಂದು ಯಾರಾದರೂ ಹೇಳುತ್ತಿದ್ದರಾ?

ಹೇಳುತ್ತಿದ್ದರು. ಅದಕ್ಕೆ ಪಿ-ಶಿಫ್ಟ್, ಅಂದರೆ ದೇಹದ ಶಿಫ್ಟ್, ಎಂದು ಹೆಸರು. ಅದು ಆಗಲೇ ದೊಡ್ಡ ಜಗಳದ ವಿಷಯ. ಕೆಲವರು ಆಗಬಹುದು ಎಂದು ಆಸೆ ಇಟ್ಟುಕೊಂಡಿದ್ದರು. ಹೆಚ್ಚಿನವರು ಪುರಾವೆ ಕೇಳಿದರು. ಪುರಾವೆ ಎಂದೂ ಬರಲಿಲ್ಲ. ಬರುವುದು ಸಾಧ್ಯವೂ ಇಲ್ಲ, ಮನುಷ್ಯನ ಮೂಳೆ ಮಾಂಸ ಹಾಗೆ ಬದಲಾಗುವುದಿಲ್ಲ. ಕಾಲ ಕಳೆದಂತೆ ಸಮುದಾಯ ಈ ವಿಷಯದಲ್ಲಿ ಗಟ್ಟಿ ನಿಲುವು ತೆಗೆದುಕೊಂಡಿತು. ದೇಹ ಬದಲಿಸುವುದನ್ನು ಕಲಿಸುತ್ತೇನೆ ಎಂದು ಎಳೆಯರನ್ನು ಹತ್ತಿರ ಕರೆಯುವವರನ್ನು ನಂಬಬೇಡಿ ಎಂದು ಹಳಬರು ಎಚ್ಚರಿಸಿದರು. ಈ ಎಚ್ಚರಿಕೆ ಇವತ್ತಿಗೂ ಅಷ್ಟೇ ಬೇಕು.

ಯಾಕೆ ಎಲ್ಲರೂ ತೋಳಗಳೇ?

ಎಲ್ಲರೂ ಅಲ್ಲ, ಆದರೆ ಬಹಳ ಮಂದಿ. ಒಂದು ಕಾರಣ ಬಾಗಿಲಿನ ಮೇಲಿನ ಹೆಸರು. ತೋಳದ ಹೆಸರಿರುವ ಗುಂಪನ್ನು ಹುಡುಕಿಕೊಂಡು ಬರುವವರು ತೋಳದ ಕಡೆ ಒಲವಿರುವವರೇ ಅಲ್ವಾ? ಇನ್ನೊಂದು, ಯುರೋಪ್ ಮತ್ತು ಉತ್ತರ ಅಮೆರಿಕದ ಕಥೆಗಳಲ್ಲಿ ರೂಪ ಬದಲಿಸುವ ಪ್ರಾಣಿ ಎಂದರೆ ಮೊದಲು ನೆನಪಾಗುವುದೇ ತೋಳ. ದೊಡ್ಡ ಬೆಕ್ಕಿನ ಜಾತಿಯವರೂ ಮೊದಲಿಂದ ಇದ್ದರು. ಹಕ್ಕಿ, ಹಾವು, ಸಮುದ್ರದ ಪ್ರಾಣಿ ಅನ್ನುವವರಿಗೆ ಮಾತ್ರ ತಮ್ಮ ಮಾತು ಕೇಳುವವರು ಸಿಗಲು ಇನ್ನಷ್ಟು ಕಾಲ ಬೇಕಾಯಿತು.

ಇವರು ಎಂದಾದರೂ ಮುಖಾಮುಖಿ ಭೇಟಿಯಾದರಾ?

ಆದರು. ಈ ಭೇಟಿಗಳಿಗೆ ‘ಹೌಲ್’ ಎಂದು ಹೆಸರು, ಅಂದರೆ ತೋಳದ ಊಳು. 1994ರಲ್ಲಿ ಅಮೆರಿಕದ ಓಹಾಯೊ ರಾಜ್ಯದಲ್ಲಿ ‘ಹಾರ್ವೆಸ್ಟ್ ಹೌಲ್’ ನಡೆಯಿತು. ಮೊದಲ ಹೌಲ್ ಎಂದು ಹೇಳುವುದು ಇದನ್ನೇ. ಮುಂದೆ ಬೇರೆ ಬೇರೆ ಕಡೆ ಹೌಲ್‌ಗಳು ನಡೆದವು. ಕಾಡಿನಲ್ಲಿ ಡೇರೆ ಹಾಕಿ, ಬೆಂಕಿಯ ಸುತ್ತ ಕೂತು ಮಾತಾಡುವ ಕೂಟಗಳು. ಮಂತ್ರ ತಂತ್ರದ ಗುಪ್ತ ಸಭೆ ಎಂದು ಕಲ್ಪಿಸಿಕೊಳ್ಳಬೇಡಿ. ಊಟ, ನಡಿಗೆ, ರಾತ್ರಿ ಎಲ್ಲರೂ ಸೇರಿ ಊಳಿಡುವುದು. ಅಕ್ಷರದಲ್ಲೇ ಪರಿಚಯವಿದ್ದವರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದ್ದು ಅಲ್ಲಿ. ಪರದೆಯ ಆಚೆಗಿರುವವರು ಸುಳ್ಳು ಹೇಳುತ್ತಿಲ್ಲ ಎಂಬ ನಂಬಿಕೆ ಗಟ್ಟಿಯಾದದ್ದೂ ಅಲ್ಲೇ ಇರಬೇಕು.

ಅದೇ ಹೊತ್ತಿಗೆ ನಮ್ಮಲ್ಲಿ ಇಂಟರ್‌ನೆಟ್ ಹೇಗಿತ್ತು?

ಭಾರತದಲ್ಲಿ ಜನಸಾಮಾನ್ಯರಿಗೆ ಆಗ ಸರ್ಕಾರಿ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ ಮೂಲಕ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಮೊದಲು ಅರ್ನೆಟ್ ಎಂಬ ಜಾಲ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳಂಥ ಕೆಲವೇ ಸಂಸ್ಥೆಗಳಿಗೆ ಅದು ಸೀಮಿತ. ಅಂದರೆ ಮೊದಲ ಹೌಲ್ ಮುಗಿದ ಮೇಲೆಯೇ ನಮ್ಮ ಮನೆಗಳಿಗೆ ಮೋಡೆಮ್ ಬಂತು. ಈ ಸಮುದಾಯದ ಪದಗಳೆಲ್ಲ ಇಂಗ್ಲಿಷ್‌ನಲ್ಲೇ ಇರುವುದಕ್ಕೆ ಇದೂ ಒಂದು ಕಾರಣ.

ಅದರ್‌ಕಿನ್, ಫರ್ರಿ, ಥೇರಿಯನ್ ಮೂರೂ ಒಂದೇನಾ?

ಮೂರಕ್ಕೂ ಬೇರೆ ಬೇರೆ ಹುಟ್ಟು. ಫರ್ರಿಗಳು ಮನುಷ್ಯರಂತೆ ಮಾತಾಡುವ, ನಡೆಯುವ ಪ್ರಾಣಿ ಪಾತ್ರಗಳ ಅಭಿಮಾನಿಗಳು. ಅವರು 1989ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಸಮ್ಮೇಳನ ಮಾಡಿದ್ದರು. ಅದು ಇಷ್ಟದ ವಿಷಯ, ಕಲೆಯ ವಿಷಯ. ಥೇರಿಯನ್ ಆಗಿರುವುದು ‘ನಾನು ಯಾರು’ ಎಂಬ ವಿಷಯ. ಎರಡೂ ಆಗಿರುವವರು ಇದ್ದಾರೆ, ಹಾಗಾಗಿ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಅದರ್‌ಕಿನ್ ಕಥೆ ಶುರುವಾಗುವುದು ಎಲ್ಫ್‌ಗಳಿಂದ, ಅಂದರೆ ಯುರೋಪಿನ ಜಾನಪದದ ಒಂದು ಬಗೆಯ ಯಕ್ಷರಿಂದ. ತಾವು ಎಲ್ಫ್‌ಗಳು ಅನ್ನುವವರು 1990ರಲ್ಲಿ ಅಮೆರಿಕದ ಕೆಂಟಕಿಯಿಂದ ಒಂದು ಇಮೇಲ್ ಪಟ್ಟಿ ನಡೆಸಲು ಶುರುಮಾಡಿದರು. ಡ್ರ್ಯಾಗನ್, ಇತರ ಜೀವಿಗಳು ಅನ್ನುವವರೂ ಸೇರಿದಾಗ ಎಲ್ಲರಿಗೂ ಸಲ್ಲುವ ಹೆಸರು ಬೇಕಾಯಿತು. ಅದೇ ವರ್ಷ ಅಲ್ಲಿ ‘ಅದರ್‌ಕಿನ್’ ಎಂಬ ಪದ ಹುಟ್ಟಿತು. ಎಷ್ಟೋ ಕಾಲ ಥೇರಿಯನ್, ಅದರ್‌ಕಿನ್ ಬಳಗಗಳು ಅಕ್ಕಪಕ್ಕದ ಬೀದಿಯವರಂತೆ ಇದ್ದವು. ಓಡಾಟ ಇತ್ತು, ಮನೆ ಬೇರೆ. ಈಗ ಕೆಲವರು ಥೇರಿಯನ್‌ಗಳನ್ನು ಅದರ್‌ಕಿನ್‌ನ ಒಂದು ಕವಲು ಅನ್ನುತ್ತಾರೆ. ಇತಿಹಾಸ ನೋಡಿದರೆ ಎರಡೂ ಬೇರೆ ಬೇರೆ ಬೇರುಗಳಿಂದ ಬಂದು ಕೊಂಬೆಯಲ್ಲಿ ಹೆಣೆದುಕೊಂಡಿವೆ.

ಆ ಮೊದಲ ಗುಂಪು ಏನಾಯಿತು?

ಜನ ಹೆಚ್ಚಾದರು, ಮಾತು ಕೆಟ್ಟಿತು. ಮೊದಲೆಲ್ಲ ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಸೇರಿದ ಹೊಸ ವಿದ್ಯಾರ್ಥಿಗಳು ಯೂಸ್‌ನೆಟ್‌ಗೆ ಬಂದು ಒಂದಿಷ್ಟು ಗದ್ದಲ ಮಾಡುತ್ತಿದ್ದರು. ಹಳಬರು ಅವರಿಗೆ ರೀತಿ ರಿವಾಜು ಕಲಿಸುತ್ತಿದ್ದರು. 1994ರ ಮಾರ್ಚ್‌ನಲ್ಲಿ ಎಒಎಲ್ ಎಂಬ ಅಮೆರಿಕದ ಆನ್‌ಲೈನ್ ಸೇವೆಯ ಕಂಪನಿ ತನ್ನ ಎಲ್ಲ ಗ್ರಾಹಕರಿಗೂ ಯೂಸ್‌ನೆಟ್ ಬಾಗಿಲು ತೆರೆಯಿತು. ಆಮೇಲೆ ಹೊಸಬರ ಹೊಳೆ ನಿಲ್ಲಲೇ ಇಲ್ಲ. ಅದಕ್ಕೆ ಹಿಂದಿನ ಸೆಪ್ಟೆಂಬರ್, ಅಂದರೆ 1993ರದು, ಮುಗಿಯಲೇ ಇಲ್ಲ ಎಂದು ಹಳಬರು ಇಂದಿಗೂ ಹೇಳುತ್ತಾರೆ.

ವೇರ್‌ಗಳಿಗೆ ಇದು ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಒಂಟಿಯಾಗಿದ್ದ ಎಷ್ಟೋ ಜನ ಬಂದು ಸೇರಿದರು. ಕೆಣಕಲೆಂದೇ ಬರುವವರೂ ಬಂದರು. ಮನಸ್ಸು ಬಿಚ್ಚಿ ಬರೆದವರ ಮಾತನ್ನು ಎತ್ತಿ ಆಡಿಕೊಳ್ಳುವುದು, ಜಾಹೀರಾತು ಸುರಿಯುವುದು ಶುರುವಾಯಿತು. ಒಳಗೂ ಜಗಳಗಳಿದ್ದವು. ಭಯಾನಕ ಕಥೆಗಾಗಿ ಬಂದ ಅಭಿಮಾನಿಗಳಿಗೆ ‘ಇದು ನಮ್ಮ ಜಾಗ, ನೀವೇಕೆ ತುಂಬಿಕೊಂಡಿರಿ’ ಎಂಬ ಬೇಸರ. ಅವರ ಬೇಸರವೂ ನ್ಯಾಯವೇ ಎಂದು ನಾನು ಒಪ್ಪುತ್ತೇನೆ. 1990ರ ದಶಕ ಮುಗಿಯುವಷ್ಟರಲ್ಲಿ ಜನ ಇಮೇಲ್ ಪಟ್ಟಿ, ಐಆರ್‌ಸಿ ಹರಟೆ ಕೋಣೆ, ಜಿಯೊಸಿಟೀಸ್‌ನಂಥ ಕಡೆ ಪುಕ್ಕಟೆ ಸಿಗುತ್ತಿದ್ದ ಸ್ವಂತ ಪುಟಗಳ ಕಡೆ ಸರಿದರು.

ಥೀಟಾ-ಡೆಲ್ಟಾ ಚಿಹ್ನೆ ಯಾವಾಗ ಬಂತು?

ಥೇರಿಯನ್‌ಗಳ ಈ ಚಿಹ್ನೆ ಬಂದದ್ದು 2003ರಲ್ಲಿ. ಥೀಟಾ, ಡೆಲ್ಟಾ ಗ್ರೀಕ್ ಅಕ್ಷರಗಳು. ಥೀಟಾ ‘ಥೇರಿಯನ್’ ಪದದ ಮೊದಲಕ್ಷರ. ಡೆಲ್ಟಾ ಬದಲಾವಣೆಗೆ ಗುರುತು. ಎರಡನ್ನೂ ಹೆಣೆದು ಒಂದು ಚಿಹ್ನೆ ಮಾಡಿದರು. ಹತ್ತು ವರ್ಷ ಬರೀ ಪದಗಳಲ್ಲೇ ಇದ್ದವರಿಗೆ ಕುತ್ತಿಗೆಗೆ ಹಾಕಿಕೊಳ್ಳಬಹುದಾದ ಒಂದು ಗುರುತು ಸಿಕ್ಕಿತು.

ಹಳೆಯ ಥೇರಿಯನ್‌ಗಳು ಹೊಸಬರ ಜೊತೆ ಒರಟಾಗಿದ್ದರು ಅಂತಾರೆ, ನಿಜವಾ?

ಒಂದು ಕಾಲಕ್ಕೆ ನಿಜ. 2000ದ ದಶಕದಲ್ಲಿ ‘ಗ್ರಿಲ್ಲಿಂಗ್’ ಎಂಬ ಪದ್ಧತಿ ಇತ್ತು. ನಾನು ಇಂಥ ಪ್ರಾಣಿ ಎಂದು ಹೊಸಬರು ಹೇಳಿದ ಕೂಡಲೇ ಹಳಬರು ಪ್ರಶ್ನೆಗಳ ಮಳೆ ಸುರಿಸುತ್ತಿದ್ದರು. ಹೇಗೆ ಗೊತ್ತು? ಬೇರೆ ಪ್ರಾಣಿ ಯಾಕಲ್ಲ? ಆ ಪ್ರಾಣಿಯ ನಿಜವಾದ ನಡವಳಿಕೆ ಗೊತ್ತಾ, ಇಲ್ಲಾ ಸಿನಿಮಾ ನೋಡಿ ಹೇಳುತ್ತಿದ್ದೀಯಾ?

ಇದರ ಹಿಂದಿನ ಉದ್ದೇಶ ನನಗೆ ಅರ್ಥವಾಗುತ್ತದೆ. ಸುಮ್ನೆ ಮೋಜಿಗೆ ಬಂದವರನ್ನು, ಸುಳ್ಳು ಹೇಳಿ ಗುರುವಾಗಲು ಬಂದವರನ್ನು ಬೇರೆ ಮಾಡಬೇಕಿತ್ತು. ತನ್ನನ್ನೇ ಪರೀಕ್ಷಿಸಿಕೊಳ್ಳುವ ಅಭ್ಯಾಸ ಒಳ್ಳೆಯದು ಕೂಡ. ಆದರೆ ಹದಿನೈದು ವರ್ಷದ ಹುಡುಗಿಯನ್ನು ಹತ್ತು ಮಂದಿ ದೊಡ್ಡವರು ಸುತ್ತುವರಿದು ವಿಚಾರಣೆ ಮಾಡಿದರೆ ಆಕೆ ಏನು ಕಲಿಯುತ್ತಾಳೆ? ಸರಿಯಾದ ಉತ್ತರ ಬಾಯಿಪಾಠ ಮಾಡುವುದನ್ನು. ಆಮೇಲಾಮೇಲೆ ಸಮುದಾಯದವರೇ ಇದನ್ನು ಟೀಕಿಸಿದರು, ಪದ್ಧತಿ ಸಡಿಲವಾಯಿತು.

ನಮ್ಮ ಹುಲಿವೇಷ, ಪಂಜುರ್ಲಿ ಕೋಲ ಕೂಡ ಇದೇ ಅಲ್ವಾ?

ಈ ಪ್ರಶ್ನೆ ಕರಾವಳಿಯ ಗೆಳೆಯರಿಂದ ಯಾವಾಗಲೂ ಬರುತ್ತದೆ. ಹೋಲಿಕೆ ಕಾಣುವುದು ಸಹಜ, ಆದರೆ ಒಂದೇ ಅಲ್ಲ. ನವರಾತ್ರಿಯಲ್ಲೋ ಅಷ್ಟಮಿಯಲ್ಲೋ ಬಣ್ಣ ಹಾಕಿ ತಾಸೆಯ ಪೆಟ್ಟಿಗೆ ಕುಣಿಯುವವನು ಹಬ್ಬ ಮುಗಿದ ಮೇಲೆ ಬಣ್ಣ ತೊಳೆಯುತ್ತಾನೆ. ಕೋಲದಲ್ಲಿ ಮೈಮೇಲೆ ಬರುವುದು ದೈವ. ಅದಕ್ಕೆ ಕಟ್ಟುಕಟ್ಟಳೆ ಇದೆ, ಅದನ್ನು ಕಟ್ಟುವ ಸಮುದಾಯಗಳಿವೆ, ಊರು ಅದನ್ನು ನಂಬುತ್ತದೆ. ಥೇರಿಯನ್ ಹೇಳುವುದು ಹಬ್ಬವಿಲ್ಲದ ಮಾಮೂಲಿ ಮಂಗಳವಾರದ ಮಧ್ಯಾಹ್ನವೂ ತನಗೆ ಹಾಗೇ ಅನ್ನಿಸುತ್ತದೆ ಎಂದು. ಅದರ ಹಿಂದೆ ಊರೂ ಇಲ್ಲ, ದೈವವೂ ಇಲ್ಲ. ದೈವದ ನಂಬಿಕೆಯನ್ನು ಥೇರಿಯನ್ ಪದದೊಳಗೆ ತುರುಕಿದರೆ ಎರಡಕ್ಕೂ ಅನ್ಯಾಯ.

ಇದು ಮಾನಸಿಕ ಕಾಯಿಲೆಯಾ?

ವೈದ್ಯಶಾಸ್ತ್ರದಲ್ಲಿ ‘ಕ್ಲಿನಿಕಲ್ ಲೈಕನ್‌ಥ್ರೊಪಿ’ ಎಂಬ ಅಪರೂಪದ ಸ್ಥಿತಿ ಇದೆ. ಅದರಲ್ಲಿ ರೋಗಿ ತನ್ನ ದೇಹ ಪ್ರಾಣಿಯಾಗಿದೆ, ಆಗುತ್ತಿದೆ ಎಂದು ನಂಬುತ್ತಾನೆ. ಥೇರಿಯನ್ ಹಾಗೆ ನಂಬುವುದಿಲ್ಲ. ಥೇರಿಯನ್ ಆಗಿರುವುದೇ ಒಂದು ಕಾಯಿಲೆ ಎಂದು ವೈದ್ಯರ ಪಟ್ಟಿಗಳಲ್ಲಿ ಇಲ್ಲ. ಇಂಗ್ಲೆಂಡಿನ ನಾರ್ತಾಂಪ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಥೇರಿಯನ್‌ಗಳ ಜೊತೆ ಮಾತಾಡಿ 2014ರಲ್ಲಿ, ಅವರ ನೆಮ್ಮದಿಯ ಬಗ್ಗೆ 2019ರಲ್ಲಿ ಅಧ್ಯಯನ ಪ್ರಕಟಿಸಿದ್ದಾರೆ. ಯಾರಿಗಾದರೂ ನಿದ್ದೆ, ಊಟ, ಓದು ಕೆಡುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು. ಅದು ಯಾರಿಗಾದರೂ ಸಲ್ಲುವ ಮಾತು.

ಮುಖವಾಡ, ನಾಲ್ಕು ಕಾಲಿನ ಓಟ ಮೊದಲಿನಿಂದ ಇತ್ತಾ?

ಸಮುದಾಯದ ಗುರುತಾಗಿ ಇರಲಿಲ್ಲ. ‘ಕ್ವಾಡ್ರೊಬಿಕ್ಸ್’ ಎಂಬ ಓಟ ಒಂದು ವ್ಯಾಯಾಮ, ಯಾರು ಬೇಕಾದರೂ ಮಾಡಬಹುದು. ಮುಖವಾಡ ಮಾಡುವುದು ಕೈಕೆಲಸ. 2020ರ ನಂತರ ಟಿಕ್‌ಟಾಕ್‌ನಲ್ಲಿ ಇವೆರಡೂ ಥೇರಿಯನ್ ಹೆಸರಿನ ಜೊತೆ ಅಂಟಿಕೊಂಡವು. ಕಣ್ಣಿಗೆ ಕಾಣುವುದು ಬೇಗ ಹರಡುತ್ತದೆ, ಒಳಗೆ ಅನ್ನಿಸುವುದನ್ನು ವಿಡಿಯೊ ಮಾಡಲು ಬರುವುದಿಲ್ಲ. ಬಾಲ ಕಟ್ಟಿಕೊಳ್ಳದ ಥೇರಿಯನ್‌ಗಳು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರಿಗೆ ಈಗ ಐವತ್ತು ದಾಟಿದೆ.

ಮಗಳು ತಾನು ಥೇರಿಯನ್ ಅನ್ನುತ್ತಾಳೆ. ಏನು ಮಾಡಲಿ?

ಮೊದಲು ಕೇಳಿಸಿಕೊಳ್ಳಿ. ನಗಬೇಡಿ, ಬೈಯಬೇಡಿ. ಆಕೆ ಬಳಸುವ ಪದಗಳ ಅರ್ಥ ಆಕೆಯಿಂದಲೇ ಕೇಳಿ. ಕೆಲವರಿಗೆ ಇದು ಒಂದೆರಡು ವರ್ಷದ ಹುಡುಕಾಟ, ಕೆಲವರಿಗೆ ಜೀವನಪೂರ್ತಿ ಇರುತ್ತದೆ. ಆನ್‌ಲೈನ್‌ನಲ್ಲಿ ಯಾರ ಜೊತೆ ಮಾತಾಡುತ್ತಾಳೆ ಎಂಬುದರ ಮೇಲೆ ಕಣ್ಣಿರಲಿ, ಅದು ಯಾವ ಮಗುವಿಗೂ ಬೇಕು.

ಆ ಹಳೆಯ ಬರಹಗಳು ಈಗಲೂ ಓದಲು ಸಿಗುತ್ತವಾ?

ಒಂದಿಷ್ಟು ಸಿಗುತ್ತವೆ. 1995ರಲ್ಲಿ ಡೇಜಾ ನ್ಯೂಸ್ ಎಂಬ ಕಂಪನಿ ಯೂಸ್‌ನೆಟ್ ಸಂದೇಶಗಳನ್ನು ಕೂಡಿಡಲು ಶುರುಮಾಡಿತು. 2001ರಲ್ಲಿ ಗೂಗಲ್ ಅದನ್ನು ಕೊಂಡು ಗೂಗಲ್ ಗ್ರೂಪ್ಸ್‌ಗೆ ಸೇರಿಸಿತು. 2024ರ ಫೆಬ್ರವರಿಯಿಂದ ಅಲ್ಲಿ ಹೊಸ ಯೂಸ್‌ನೆಟ್ ಸಂದೇಶ ಹಾಕಲು ಆಗುವುದಿಲ್ಲ, ಹಳೆಯದನ್ನು ಹುಡುಕಿ ಓದಬಹುದು. ತಮ್ಮ ಮಾತನ್ನು ಕೂಡಿಡಬೇಡಿ ಎಂದು ಸಂದೇಶದ ತಲೆಯಲ್ಲೇ ಸೂಚನೆ ಬರೆಯುವ ಏರ್ಪಾಡಿತ್ತು. ಹಾಗೆ ಬರೆದವರ ಮಾತು ಹೆಚ್ಚಾಗಿ ಉಳಿದಿಲ್ಲ. ಜಿಯೊಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅಲ್ಲಿದ್ದ ಪುಟಗಳಲ್ಲಿ ಸ್ವಯಂಸೇವಕರು ಉಳಿಸಿದಷ್ಟು ಉಳಿದವು.

ಓದುವಾಗ ಒಂದು ವಿಷಯ ನೆನಪಿರಲಿ. ಎಷ್ಟೋ ಸಂದೇಶಗಳ ಮೇಲೆ ಬರೆದವರ ನಿಜವಾದ ಹೆಸರು, ಕಾಲೇಜಿನ ಇಮೇಲ್ ವಿಳಾಸ ಹಾಗೇ ಇದೆ. ಮೂವತ್ತು ವರ್ಷದ ನಂತರ ಯಾರೋ ಹುಡುಕಿ ಓದುತ್ತಾರೆ ಎಂದು ಅವರು ಅಂದುಕೊಂಡಿರಲಿಲ್ಲ. ಅವರ ಮಾತಿನ ಬಗ್ಗೆ ಬರೆಯುವುದಿದ್ದರೆ ಬರೆಯಿರಿ, ಹೆಸರು ವಿಳಾಸ ಮಾತ್ರ ಎತ್ತಿ ಹಾಕಬೇಡಿ. ಈ ಪುಟದಲ್ಲಿ ನಾನೂ ಅವರಲ್ಲಿ ಒಬ್ಬರ ಹೆಸರನ್ನೂ ಹಾಕಿಲ್ಲ.